ರಾಯಚೂರಿನ ಮಿಲ್ಲಿಗೆ ಸ್ವಂತ ಸರ್ವರಾ, ಕ್ಲೌಡಾ?

ಭತ್ತದ ಲೆಕ್ಕ, ಬಿಲ್ಲು ಇಡೋಕೆ ರೈಸ್ ಮಿಲ್ಲಿನವರು ಆಫೀಸಲ್ಲೇ ಸರ್ವರ್ (ಎಲ್ಲರ ಲೆಕ್ಕವನ್ನೂ ಒಂದೆಡೆ ಇಡುವ ಕಂಪ್ಯೂಟರ್) ಇಡಬೇಕಾ, ಕ್ಲೌಡ್ (ಇಂಟರ್ನೆಟ್ ಮೂಲಕ ಬಳಸುವ, ಬೇರೆ ಕಂಪನಿಯ ಬಾಡಿಗೆ ಕಂಪ್ಯೂಟರ್) ತಗೊಳ್ಳಬೇಕಾ? ಕರೆಂಟಿನ ಲೆಕ್ಕದಲ್ಲಿ ನೋಡೋಣ.

ಸ್ವಂತ ಸರ್ವರ್ ಕೆಲಸವಿಲ್ಲದಾಗಲೂ, ಪೂರ್ತಿ ದುಡಿಯುವಾಗಿನ ಅರ್ಧದಷ್ಟು ಕರೆಂಟು ತಿನ್ನುವುದುಂಟು. ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ತೆಗೆದ ಕರೆಂಟು ಸುಮ್ನೆ ಕೂತ ಡಬ್ಬಿಗೆ ಯಾಕೆ, ಅಲ್ವಾ? ಮೇಲೆ ಎಸಿ ಬೇರೆ. 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ ಅದನ್ನು ರಾತ್ರಿಯೂ ಆರಿಸುವಂತಿಲ್ಲ.

ಕ್ಲೌಡಿನಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಾರೆ. ಅದು ಖಾಲಿ ಕೂರುವುದು ಕಡಿಮೆ. ತಂಪು ಮಾಡುವ ಖರ್ಚೂ ಕಡಿಮೆ: ಕಂಪ್ಯೂಟರಿಗೆ 1 ಯೂನಿಟ್ ಹೋದರೆ ಒಟ್ಟು ಬಳಕೆ ಸುಮಾರು 1.1 ಯೂನಿಟ್ ಎಂದು ಗೂಗಲ್ ತನ್ನ ಕಂಪ್ಯೂಟರ್ ಕೇಂದ್ರಗಳ ಬಗ್ಗೆ ಹೇಳುತ್ತದೆ. ನನ್ನ ಓಟು ಇದಕ್ಕೇ. ಆದರೆ ಬೇಕಾದ್ದಕ್ಕಿಂತ ದೊಡ್ಡ ಮೆಷಿನ್ ಹಿಡಿದು, ಆರಿಸದೇ ಬಿಟ್ಟರೆ ಲಾಭ ಹೋಯಿತು. ವಾರಕ್ಕೆ 168 ಗಂಟೆ. ಬೆಳಿಗ್ಗೆ 9ರಿಂದ ಸಂಜೆ 7, ಆರು ದಿನ ಅಂದರೆ 60 ಗಂಟೆ. ಉಳಿದ 108 ಗಂಟೆ ತಾನಾಗಿ ಆಫ್ ಆಗುವಂತೆ ಸಮಯ ಹಾಕಿಡಿ. ಬಿಲ್ಲೂ ಇಳಿಯುತ್ತದೆ, ಲೆಕ್ಕ ಕೂಡಿಟ್ಟ ಡಿಸ್ಕಿನ ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ಇಂಟರ್ನೆಟ್ ಪದೇಪದೇ ಕೈಕೊಡುವ ಕಡೆಯಾ? ಹಾಗಾದರೆ ಎರಡೂ ಬೇಡ. ಒಂದಿಬ್ಬರು ಕೂತು ಬರೆಯುವ ಲೆಕ್ಕಕ್ಕೆ ಸಾದಾ ಲ್ಯಾಪ್‌ಟಾಪ್ ಸಾಕು.