ಕದ್ದ ಚಿತ್ರದ ಮೇಲೆ ದೂರು ಕೊಟ್ಟರೆ ಏನಾಗುತ್ತದೆ? ಒಂದು ಆನ್‌ಲೈನ್ ಅಂಗಡಿಯ ದೂರು ವಿಭಾಗದ ವಿಮರ್ಶೆ

ಐದಕ್ಕೆ ಎರಡು ಸ್ಟಾರ್. ಎರಡೂ ಅವರ ಗ್ರೀವೆನ್ಸ್ ಆಫೀಸರ್‌ಗೆ, ಅಂದರೆ ದೂರು ಕೇಳಿ ಪರಿಹಾರ ಕೊಡುವ ಅಧಿಕಾರಿಗೆ. ದೂರು ಕೊಡುವ ಫಾರಂಗೆ ಒಂದೂ ಇಲ್ಲ.

ನಾನು ಚಿತ್ರದುರ್ಗದವಳು. ಕೋಟೆಯ ಚಿತ್ರ ಬರೆದು ಟೀ ಶರ್ಟ್, ಮಗ್, ಕ್ಯಾಲೆಂಡರ್ ಮಾಡಿ ಮಾರುತ್ತೇನೆ. ಶರ್ಟ್ ಪ್ರಿಂಟ್ ಆಗೋದು ದಾವಣಗೆರೆಯಲ್ಲಿ. ಜಾಸ್ತಿ ಹೋಗುವುದು ಒನಕೆ ಓಬವ್ವನ ಚಿತ್ರ. ಅದನ್ನೇ ಯಾರೋ ಎತ್ತಿಕೊಂಡು, ಒಂದು ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ 199 ರೂಪಾಯಿಗೆ ಮಾರುತ್ತಿದ್ದರು. ದಾವಣಗೆರೆಯ ಗಿರಾಕಿಯೊಬ್ಬರು "ಮೇಡಂ, ಒಂದೇ ಒಗೆತಕ್ಕೆ ಪ್ರಿಂಟ್ ಎದ್ದು ಬಂತಲ್ಲ" ಎಂದು ಫೋಟೋ ಕಳಿಸಿದಾಗಲೇ ನನಗೆ ಗೊತ್ತಾಗಿದ್ದು. ದುಡ್ಡು ಅವರಿಗೆ, ಕೆಟ್ಟ ಹೆಸರು ನನಗೆ.

ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ನನ್ನ ಓಬವ್ವ ಬಲಗೈ ಮೇಲಿಟ್ಟು ಒನಕೆ ಎತ್ತಿದ್ದಾಳೆ. ಇವರ ಓಬವ್ವ ಎಡಗೈ. ಚಿತ್ರವನ್ನು ಸುಮ್ನೆ ಕನ್ನಡಿಯ ಹಾಗೆ ತಿರುಗಿಸಿಬಿಟ್ಟಿದ್ದಾರೆ. ಆದರೆ ಕಿಂಡಿಯ ಪಕ್ಕದ ಬಂಡೆಯ ಬಿರುಕಿನಲ್ಲಿ ನಾನು ಸಣ್ಣದಾಗಿ 'ಚಿ' ಅಂತ ಬರೆದಿರುತ್ತೇನೆ. ಅದೂ ಅಲ್ಲೇ ಇತ್ತು, ತಿರುಗುಮುರುಗಾಗಿ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಮಡಿಕೆ, ಒನಕೆ ತುದಿಯ ಕಬ್ಬಿಣದ ಬಳೆ, ಎಲ್ಲಾ ಗೆರೆಗೆ ಗೆರೆ ನನ್ನದೇ.

ಫಾರಂ ತುಂಬಿದೆ. ಅದು ಹಕ್ಕುಸ್ವಾಮ್ಯದ ನೋಂದಣಿ ಸಂಖ್ಯೆ ಕೇಳುತ್ತದೆ, ಕೊಡದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ಇದು ಸರಿಯಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಚಿತ್ರ ಬರೆದ ಕ್ಷಣಕ್ಕೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯ ಅಲ್ಲ. ಪುಣ್ಯಕ್ಕೆ ಈ ಚಿತ್ರವನ್ನು ನಾನು ನೋಂದಾಯಿಸಿದ್ದೆ, ಸಂಖ್ಯೆ ಹಾಕಿದೆ. ಬಂದ ಉತ್ತರ: ಇದು ಐತಿಹಾಸಿಕ ವ್ಯಕ್ತಿಯ ಚಿತ್ರ, ಯಾರೊಬ್ಬರ ಸ್ವತ್ತೂ ಅಲ್ಲ, ದೂರು ಮುಕ್ತಾಯ.

ಓದಿ ಸಿಟ್ಟು ಬಂತು. ಓಬವ್ವ ನನ್ನವಳು ಅಂತ ನಾನೆಲ್ಲಿ ಹೇಳಿದೆ? ಓಬವ್ವ ಎಲ್ಲರವಳು, ಕಿಂಡಿ ಎಲ್ಲರದು. ನಾಳೆ ಬೇರೆಯವರು ಅದೇ ಕಿಂಡಿ ಮುಂದೆ ಕೂತು ತಮ್ಮದೇ ಕೈಯಲ್ಲಿ ಬರೆದರೆ ನನಗೆ ಸಂತೋಷವೇ. ಕೋಟೆ ನೋಡಿ ಬರೆಯುವವರು ಇನ್ನೂ ಹತ್ತು ಜನ ಬೇಕು. ನನ್ನದು ಅಂತ ನಾನು ಹೇಳುವುದು ಆ ಗೆರೆಗಳನ್ನು ಮಾತ್ರ. ಕಾನೂನು ಕಾಯುವುದೂ ಅದನ್ನೇ, ವಿಷಯವನ್ನಲ್ಲ. ದೂರು ನೋಡಲು ಕೂತವರಿಗೆ ಇಷ್ಟಾದರೂ ಗೊತ್ತಿರಬೇಕು ಅಲ್ವಾ?

ಕೊನೆಗೆ ಫಾರಂ ಬಿಟ್ಟು, ಅವರ ವೆಬ್‌ಸೈಟಿನ ತಳದಲ್ಲಿದ್ದ ಗ್ರೀವೆನ್ಸ್ ಆಫೀಸರ್ ವಿಳಾಸಕ್ಕೆ ಇ-ಮೇಲ್ ಮಾಡಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಗ್ರಾಹಕರ ದೂರು ಬಂದಿದೆ ಎಂದು ಇವರು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಹಾಗಾಗಿ ಶರ್ಟ್ ಕೊಂಡ ಗಿರಾಕಿಯೂ ಬೇರೆಯಾಗಿ ಬರೆದರು. ನಾನು ಪೆನ್ಸಿಲ್ ಸ್ಕೆಚ್, ಮೂಲ ಫೈಲ್, ನೋಂದಣಿ ಪತ್ರ ಕಳಿಸಿದೆ. ಜೊತೆಗೆ ನಕಲಿ ಚಿತ್ರವನ್ನು ಮತ್ತೆ ತಿರುಗಿಸಿ ನನ್ನದರ ಮೇಲಿಟ್ಟ ಫೋಟೋ, 'ಚಿ' ಅಕ್ಷರಕ್ಕೆ ಕೆಂಪು ಸುತ್ತು ಹಾಕಿ. ಈ ಸಲ ಓದಿದವರು ಕಣ್ಣಿಟ್ಟು ನೋಡಿದ್ದಾರೆ. ತಪ್ಪು ಉತ್ತರಕ್ಕೆ ಕ್ಷಮೆ ಕೇಳಿ ಲಿಂಕ್ ತೆಗೆದರು. ಎರಡು ಸ್ಟಾರ್ ಇದಕ್ಕೇ.

ಉಳಿದ ಮೂರು ಯಾಕಿಲ್ಲ ಅಂದರೆ, ಅದೇ ಶರ್ಟ್ ಬೇರೆ ಲಿಂಕ್‌ನಲ್ಲಿ ಮತ್ತೆ ಬಂತು. ಮಾರುವವರ ವಿಳಾಸ ಅದೇ, ಅಂಗಡಿ ಹೆಸರು ಮಾತ್ರ ಬೇರೆ. ಹೀಗೆ ಪದೇ ಪದೇ ಸಿಕ್ಕಿಬೀಳುವವರ ದಾಖಲೆ ಇಡಲು ಪ್ರಯತ್ನಿಸಬೇಕು ಎಂದು ಅದೇ ನಿಯಮ ಹೇಳುತ್ತದೆ. ಆದರೆ ಅವರನ್ನು ಹೊರಗೆ ಹಾಕಲೇಬೇಕು ಅಂತಿಲ್ಲ, ಅಂಗಡಿಯವರ ಇಷ್ಟ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ತೂತು ಇದೇ. ಲಿಂಕ್ ಹಿಂದೆ ಓಡುವ ಕೆಲಸ ಚಿತ್ರ ಬರೆಯುವವರ ತಲೆಗೇ ಬೀಳುತ್ತದೆ.

ನನ್ನ ಹಾಗೆ ಮಾರುವವರಿದ್ದರೆ, ಚಿತ್ರ ನೋಂದಣಿಗೆ ಶುಲ್ಕ 500 ರೂಪಾಯಿ, ಸರಕಿನ ಲೇಬಲ್‌ನಂಥದ್ದಾದರೆ 2,000. ಆನ್‌ಲೈನಲ್ಲೇ ಅರ್ಜಿ ಹಾಕಬಹುದು, ಯಾರಾದರೂ ಆಕ್ಷೇಪ ಎತ್ತಬಹುದೆಂದು 30 ದಿನ ಕಾಯಿಸುತ್ತಾರೆ. ಕಡ್ಡಾಯ ಅಲ್ಲದಿದ್ದರೂ ಮಾಡಿಸಿ, ಇಂಥ ಫಾರಂಗಳ ಮುಂದೆ ಅದೇ ಕೆಲಸಕ್ಕೆ ಬರುತ್ತದೆ. ಕೊಳ್ಳುವವರು ಬೆಲೆಯ ಕೆಳಗಿರುವ ಮಾರಾಟಗಾರರ ಹೆಸರು ಒತ್ತಿ ವಿಳಾಸ ನೋಡಿ. ಅನುಮಾನ ಬಂದರೆ ಲಿಂಕ್, ಸ್ಕ್ರೀನ್‌ಶಾಟ್ ಎರಡನ್ನೂ ಚಿತ್ರ ಬರೆದವರಿಗೆ ಕಳಿಸಿ. ಲಿಂಕ್ ಒಂದೇ ಸಾಲದು, ದೂರು ಮುಟ್ಟುವಷ್ಟರಲ್ಲಿ ಅದನ್ನು ಅಳಿಸಿರುತ್ತಾರೆ.