ಸೂಕ್ಷ್ಮ ಬೆನ್ನಿನ ಕುದುರೆಗೆ ಕುರಿ ತುಪ್ಪಟದ ಹಾಫ್ ಪ್ಯಾಡ್

ಜೀನು ಕಂಡೊಡನೆ ಕಿವಿಗಳನ್ನು ಹಿಂದಕ್ಕೆ ಮಡಚಿ, ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವ ನನ್ನ ಹೆಣ್ಣು ಕುದುರೆಗಾಗಿ ಕುರಿ ತುಪ್ಪಟದ ಈ ಹಾಫ್ ಪ್ಯಾಡನ್ನು, ಅಂದರೆ ಜೀನಿನ ಕೆಳಗೆ ಹಾಕುವ ಚಿಕ್ಕ ಮೆತ್ತೆಯನ್ನು, ಕೊಂಡೆ. ಜೀನಿನ ಅಳತೆಯನ್ನು ಪರಿಣತರಿಂದ ಸರಿಪಡಿಸಿಕೊಂಡ ನಂತರವೇ ಬಳಸಲು ಆರಂಭಿಸಿದೆ. ಈ ಕ್ರಮ ಬಹಳ ಮುಖ್ಯ. ಜೀನಿನ ಒಳಚೌಕಟ್ಟು ಇಕ್ಕಟ್ಟಾಗಿದ್ದರೆ ದಪ್ಪ ಪ್ಯಾಡ್ ಸೇರಿಸಿದಷ್ಟೂ ಒತ್ತಡ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈ ಪ್ಯಾಡಿನ ಅತ್ಯುತ್ತಮ ಗುಣ ಅದರ ಆಕಾರ. ಬೆನ್ನುಮೂಳೆಯ ಉದ್ದಕ್ಕೂ ಅಗಲವಾಗಿ ಬಿಟ್ಟಿರುವ ಖಾಲಿ ಜಾಗದಿಂದಾಗಿ ಮತ್ತು ಹೆಗಲಿನ ಎತ್ತರಕ್ಕೆ ಹೊಂದುವಂತೆ ಮುಂಭಾಗ ಮೇಲಕ್ಕೆ ಬಾಗಿರುವುದರಿಂದ, ಜೀನಿನ ಕಮಾನಿನೊಳಕ್ಕೆ ಎತ್ತಿ ಕೂರಿಸಿದ ಪ್ಯಾಡ್ ಸವಾರಿಯ ಕೊನೆಯವರೆಗೂ ಕೆಳಗೆ ಕುಸಿದು ಮೂಳೆಯನ್ನು ಒತ್ತುವುದಿಲ್ಲ. ತುಪ್ಪಟ ಬೆವರನ್ನು ಹೀರಿಕೊಂಡು ಗಾಳಿಯಾಡಲು ಬಿಡುತ್ತದೆ. ಜೆಲ್ ಪ್ಯಾಡಿನಡಿ ಬೆನ್ನು ಕಾವೇರುತ್ತಿದ್ದ ಕುದುರೆಗೆ ಇದು ನಿಜಕ್ಕೂ ಹಿತ. ಈಗ ಜೀನು ತೆಗೆದಾಗ ಬೆವರಿನ ಗುರುತು ಎರಡೂ ಬದಿಯಲ್ಲಿ ಒಂದೇ ಸಮನಾಗಿರುತ್ತದೆ. ಒದ್ದೆಯ ನಡುವೆ ಒಣ ತೇಪೆಯೋ, ಕೆದರಿದ ಕೂದಲೋ ಕಂಡರೆ, ಇಲ್ಲವೇ ಕೈಯಿಟ್ಟಾಗ ಚರ್ಮ ಅದುರಿದರೆ, ಅಲ್ಲಿ ಒತ್ತಡ ಬೀಳುತ್ತಿದೆಯೆಂದೇ ಅನುಮಾನಿಸಬೇಕು. ಕಡೆಗಣಿಸಿದರೆ ಮುಂದೆ ಆ ಜಾಗದಲ್ಲಿ ಬಿಳಿ ಕೂದಲು ಹುಟ್ಟಬಹುದು.

ಸ್ನಾಯು ಕುಗ್ಗಿದ ಕಡೆ ತುಂಬಲು ಕೊಟ್ಟಿರುವ ತೆಳು ಫೋಮ್ ಹಾಳೆಗಳು ಉಪಯುಕ್ತವಾಗಿವೆ, ಆದರೆ ಅವನ್ನು ಇಡುವ ಪ್ಯಾಡಿನ ಕಿಸೆಗಳ ಬಾಯಿ ಸಡಿಲವಾಗಿರುವುದರಿಂದ ಅವು ಸರಿದಾಡುತ್ತವೆ. ತಯಾರಕರು ಇದನ್ನು ಸರಿಪಡಿಸಲೇಬೇಕು. ಪ್ಯಾಡನ್ನು ತಣ್ಣೀರಿನಲ್ಲಿ ಉಣ್ಣೆ ಬಟ್ಟೆಗೆ ಬಳಸುವ ಸೋಪು ಹಾಕಿ ಒಗೆದು ನೆರಳಿನಲ್ಲಿ ಒಣಗಿಸಬೇಕು. ಸ್ನಾಯು ಬೆಳೆದಂತೆ ಬೆನ್ನಿನ ಆಕಾರವೂ ಬದಲಾಗುವುದರಿಂದ, ಹಾಳೆಗಳನ್ನು ಆಗಾಗ್ಗೆ ಪರಿಶೀಲಿಸುವ ತಾಳ್ಮೆಯುಳ್ಳವರು ಇದನ್ನು ಧೈರ್ಯವಾಗಿ ಕೊಳ್ಳಬಹುದು.