ಹಾಡಿನ ವಾಹಿನಿ: ಹನ್ನೆರಡು ವರ್ಷಗಳ ಬಳಕೆಯ ನಂತರ

2013ರಲ್ಲಿ ಮೈಸೂರಿನಲ್ಲಿ ಕೇಬಲ್ ಸಂಪರ್ಕಕ್ಕೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದಾಗ ನಮ್ಮ ಮನೆಗೂ ಒಂದು ಬಂದಿತು. ಅಂದಿನಿಂದ ಆ ಪೆಟ್ಟಿಗೆಯ ಮೂಲಕ ನಾವು ಅತಿ ಹೆಚ್ಚು ನೋಡಿರುವುದು ಸುದ್ದಿಯನ್ನೂ ಅಲ್ಲ, ಧಾರಾವಾಹಿಯನ್ನೂ ಅಲ್ಲ. ದಿನವಿಡೀ ಚಿತ್ರಗೀತೆಗಳನ್ನೇ ಬಿತ್ತರಿಸುವ ಒಂದು ಕನ್ನಡ ವಾಹಿನಿಯನ್ನು. ದೂರುವ ಮಾತುಗಳೂ ಮುಂದೆ ಬರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ದೂರದರ್ಶನದ ಚಿತ್ರಗೀತೆಗಳ ಕಾರ್ಯಕ್ರಮ ‘ಚಿತ್ರಮಂಜರಿ’ಗಾಗಿ ವಾರವಿಡೀ ಕಾಯುತ್ತಿದ್ದ ತಲೆಮಾರು ನನ್ನದು. 1994ರಲ್ಲಿ ಉದಯ ಟಿವಿ ಬಂದ ಮೇಲೆ ಕಾಯುವಿಕೆ ಕಡಿಮೆಯಾಯಿತು. ಮುಂದೆ ಹಾಡಿಗೆಂದೇ ಪ್ರತ್ಯೇಕ ವಾಹಿನಿಗಳು ಹುಟ್ಟಿಕೊಂಡ ಮೇಲೆ ಕಾಯಬೇಕಾದ ಅಗತ್ಯವೇ ಉಳಿಯಲಿಲ್ಲ. ಆದರೆ ಈ ವಾಹಿನಿಗೆ ನಮ್ಮ ಮನೆ ಒಗ್ಗಿಹೋದದ್ದು ಹಾಡುಗಳ ಸಮೃದ್ಧಿಯಿಂದಲ್ಲ, ಹಾಡು ಶುರುವಾದ ಕೆಲವು ಕ್ಷಣಗಳಲ್ಲಿ ಪರದೆಯ ಕೆಳಭಾಗದಲ್ಲಿ ಮೂಡುತ್ತಿದ್ದ ಒಂದು ಪಟ್ಟಿಯಿಂದ. ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂಬ ನಾಲ್ಕು ವಿವರಗಳು ಅದರಲ್ಲಿ ಇರುತ್ತಿದ್ದವು. ಆಕಾಶವಾಣಿಯ ಉದ್ಘೋಷಕರು ಹಾಡಿಗೆ ಮುಂಚೆ ಓದಿ ಹೇಳುತ್ತಿದ್ದ ವಿವರವೇ ಇಲ್ಲಿ ಅಕ್ಷರವಾಗಿ ಕಾಣುತ್ತಿತ್ತು.

ಆ ಪಟ್ಟಿ ಮೂಡುವ ಮೊದಲು ಹೆಸರುಗಳನ್ನು ಊಹಿಸಿ ಹೇಳುವುದು ನಮ್ಮ ತಂದೆಯವರು ಹುಟ್ಟುಹಾಕಿದ ಪಂದ್ಯ. ರಾಜ್‌ಕುಮಾರ್ ಅವರ ಹಾಡು ಬಂದರೆ ಧ್ವನಿ ಪಿ.ಬಿ. ಶ್ರೀನಿವಾಸ್ ಅವರದೋ ಸ್ವತಃ ರಾಜ್ ಅವರದೋ ಎಂಬುದು ಮೊದಲ ಪ್ರಶ್ನೆಯಾಗಿರುತ್ತಿತ್ತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದಾಚೆಗೆ ಅವರೇ ತಮ್ಮ ಹಾಡುಗಳನ್ನು ಹಾಡತೊಡಗಿದ್ದರಿಂದ, ಚಿತ್ರದ ಕಾಲವನ್ನು ಗುರುತಿಸಬಲ್ಲವರಿಗೆ ಧ್ವನಿ ತಿಳಿಯುವ ಮೊದಲೇ ಉತ್ತರ ಸಿಗುತ್ತಿತ್ತು. ತಾಯಿಯವರು ಉಡುಪು, ಕೇಶಾಲಂಕಾರಗಳನ್ನು ನೋಡಿಯೇ ಗೆದ್ದುಬಿಡುತ್ತಿದ್ದರು. ಸಂಗೀತ ಜಿ.ಕೆ. ವೆಂಕಟೇಶರದೋ, ರಾಜನ್–ನಾಗೇಂದ್ರರದೋ, ಉಪೇಂದ್ರಕುಮಾರರದೋ ಎಂಬುದು ಇನ್ನೂ ಕಠಿಣವಾದ ಪ್ರಶ್ನೆಯಾಗಿದ್ದು, ವಾದ್ಯಗೋಷ್ಠಿಯನ್ನು ಕಿವಿಗೊಟ್ಟು ಕೇಳದ ಹೊರತು ಉತ್ತರ ಹೊಳೆಯುತ್ತಿರಲಿಲ್ಲ. ಸಾಹಿತ್ಯದ ಮೇಲೆ ಪಂದ್ಯ ಕಟ್ಟುವುದನ್ನು ಮಾತ್ರ ತಂದೆಯವರು ನಿಷೇಧಿಸಿದ್ದರು: ಕಣ್ಣು ಮುಚ್ಚಿಕೊಂಡು ಚಿ. ಉದಯಶಂಕರ್ ಎಂದುಬಿಟ್ಟರೆ ಬಹುಪಾಲು ಸಲ ಗೆಲುವು ಖಚಿತವಾಗಿತ್ತು. ಎಂಬತ್ತರ ದಶಕದ ಕೊನೆಯ ಹಾಡುಗಳಿಗೆ ಬಂದರೆ ಸಾಹಿತ್ಯದ ಮುಂದೆಯೂ ಸಂಗೀತದ ಮುಂದೆಯೂ ಹಂಸಲೇಖ ಎಂದೇ ಇರುತ್ತಿದ್ದು, ಪಂದ್ಯದ ಸ್ವಾರಸ್ಯವೇ ಹೋಗುತ್ತಿತ್ತು. ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಅವರ ಹೆಸರುಗಳನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಹೀಗೆ ಸೋತು ಸೋತು.

ಮೊದಲ ನಾಲ್ಕೈದು ವರ್ಷಗಳ ಸೇವೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆಮೇಲೆ ಆ ಪಟ್ಟಿಯಲ್ಲಿ ಮೊದಲು ಸಾಹಿತಿಯ ಹೆಸರು ಕಾಣೆಯಾಯಿತು, ಅನಂತರ ಸಂಗೀತ ನಿರ್ದೇಶಕರದು. ಈಗ ಚಿತ್ರದ ಹೆಸರು ಮಾತ್ರ ಉಳಿದಿದೆ. ಉಳಿದ ಹೆಸರುಗಳ ಜಾಗದಲ್ಲಿ ಶುಭಾಶಯಗಳೂ ಆಭರಣದಂಗಡಿಯ ಜಾಹೀರಾತೂ ಓಡುತ್ತಿರುತ್ತವೆ. ಹೆಸರನ್ನು ಹಾಕುವುದರಿಂದ ವಾಹಿನಿಗೆ ಒಂದು ಕಾಸಿನ ನಷ್ಟವೂ ಇರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ನೋಯಿಸುವ ಸಂಗತಿ.

ಎರಡನೆಯ ತಕರಾರು ಕೊನೆಯ ಚರಣದ್ದು. ಗಂಟೆಗೆ ಒಟ್ಟು 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದೆಂದು ನಿಯಮವಿದೆ. ಆ ಮಿತಿಯ ಬಗ್ಗೆ ನನ್ನ ಆಕ್ಷೇಪಣೆ ಇಲ್ಲ. ಆದರೆ ಜಾಹೀರಾತಿನ ಹೊತ್ತಾಯಿತೆಂದು ಹಾಡನ್ನು ಎರಡನೆಯ ಚರಣದ ನಡುವೆಯೇ ಕತ್ತರಿಸುವುದನ್ನು ಒಪ್ಪಲಾಗದು. ನಮ್ಮ ಹಳೆಯ ಗೀತೆಗಳಲ್ಲಿ ಎಷ್ಟೋ ಸಲ ಪಲ್ಲವಿಯ ಪ್ರಶ್ನೆಗೆ ಉತ್ತರ ಸಿಗುವುದೇ ಕೊನೆಯ ಚರಣದಲ್ಲಿ. ಊಟಕ್ಕೆ ಕರೆದು ಮೊಸರನ್ನ ಬಡಿಸುವ ಮೊದಲೇ ಎಲೆ ಎತ್ತಿದಂತೆ ಇದು ಎನ್ನುತ್ತಾರೆ ತಾಯಿಯವರು.

ಚಿತ್ರದ ಗುಣಮಟ್ಟದ ಬಗ್ಗೆ ಹೊಸ ಬಳಕೆದಾರರು ತಿಳಿದಿರಬೇಕಾದದ್ದು ಇಷ್ಟು. ಹಳೆಯ ದೂರದರ್ಶಕದ ಪರದೆಯ ಅಗಲ–ಎತ್ತರಗಳ ಅನುಪಾತ 4:3 ಇತ್ತು, ಈಗಿನದು 16:9. ಹಿಂದಿನ ಅನುಪಾತದಲ್ಲಿ ಸಿದ್ಧವಾದ ಹಾಡುಗಳನ್ನು ಅಡ್ಡಕ್ಕೆ ಎಳೆದು ಪರದೆ ತುಂಬಿಸಿದಾಗ ನಾಯಕ ನಾಯಕಿಯರಿಬ್ಬರೂ ಗುಂಡಗಾಗಿ ಕಾಣುತ್ತಾರೆ. ರಿಮೋಟ್‌ನಲ್ಲಿ ಚಿತ್ರದ ಅಳತೆಯನ್ನು ಬದಲಿಸಿಕೊಂಡರೆ ಇದು ಸರಿಹೋಗುತ್ತದೆ. ಅಗಲ ಪರದೆಗೆಂದು ಚಿತ್ರೀಕರಿಸಿದ ಹಾಡಿನ ಎರಡು ಬದಿಗಳನ್ನು ಕತ್ತರಿಸಿದ ಪ್ರತಿಯೇ ವಾಹಿನಿಯ ಬಳಿ ಇದ್ದರೆ ಮಾತ್ರ ಯಾವ ಗುಂಡಿ ಒತ್ತಿದರೂ ಪ್ರಯೋಜನವಿಲ್ಲ. ಯುಗಳಗೀತೆಯಲ್ಲಿ ಒಬ್ಬರು ಹಾಡುತ್ತಿರುತ್ತಾರೆ, ಇನ್ನೊಬ್ಬರ ಕೈ ಮಾತ್ರ ಕಾಣುತ್ತಿರುತ್ತದೆ.

ವೆಚ್ಚದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ವ್ಯವಸ್ಥೆ ಜಾರಿಯಾದಾಗ ಮೊದಲ 100 ವಾಹಿನಿಗಳ ಸಂಪರ್ಕ ಶುಲ್ಕಕ್ಕೆ 130 ರೂಪಾಯಿಯ ಮಿತಿ ಇತ್ತು. ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಬೇಕಾದ ವಾಹಿನಿಯನ್ನು ಬಿಡಿಯಾಗಿ ಆರಿಸಿಕೊಳ್ಳುವ ಅವಕಾಶವೂ ಆ ವ್ಯವಸ್ಥೆಯಲ್ಲಿತ್ತು. ನಾನು ಹಲವು ವಾಹಿನಿಗಳನ್ನು ಒಟ್ಟಿಗೆ ಮಾರುವ ಗೊಂಚಲನ್ನು ಬಿಟ್ಟು ಹಾಡಿನ ವಾಹಿನಿಯನ್ನು ಬಿಡಿಯಾಗಿಯೇ ತೆಗೆದುಕೊಂಡೆ. ಕೇಬಲ್‌ನವರಿಗೆ ಇದನ್ನು ಎರಡು ಸಲ ವಿವರಿಸಬೇಕಾಯಿತು.

ಅಂತರಜಾಲದಲ್ಲಿ ಎಲ್ಲ ಹಾಡುಗಳೂ ಇರುವಾಗ ಇದೆಲ್ಲ ಏಕೆ ಎಂದು ಮಗಳು ಕೇಳುತ್ತಾಳೆ. ಅವಳ ಮಾತಿನಲ್ಲಿ ಹುರುಳಿದೆ. ಸ್ಮಾರ್ಟ್ ಟಿವಿಯಲ್ಲಿ ಹುಡುಕಿದರೆ ಹಾಡು ಪೂರ್ತಿಯಾಗಿ, ಕೊನೆಯ ಚರಣದ ಸಮೇತ ಸಿಗುತ್ತದೆ; ಅನೇಕ ಹಾಡುಗಳಿಗೆ ಕವಿ, ಗಾಯಕರ ವಿವರಗಳನ್ನೂ ಕೆಳಗೆ ಕೊಟ್ಟಿರುತ್ತಾರೆ. ಆದರೆ ಆ ವಿವರವನ್ನು ನಾವಾಗಿಯೇ ತೆರೆದು ಓದಬೇಕು, ತೆರೆಯುವವರು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಹೆಸರು ಬರೆದು ಹುಡುಕಿದ ಹಾಡಿನ ಮೇಲೆ ಪಂದ್ಯ ಕಟ್ಟಲಾಗದು, ಏಕೆಂದರೆ ಅದು ಯಾವ ಹಾಡೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ಈಗಿನ ಸ್ಥಿತಿಯಲ್ಲಿ ವಾಹಿನಿಗೆ ಐದಕ್ಕೆ ಎರಡೂವರೆ ಕೊಡುತ್ತೇನೆ. ಆ ಅರ್ಧ ಅಂಕ ರಾತ್ರಿ ಹತ್ತರ ನಂತರದ ಹಳೆಯ ಗೀತೆಗಳಿಗೆ. ಜಾಹೀರಾತು ಕಡಿಮೆ ಇರುವ ಆ ಹೊತ್ತಿನಲ್ಲಿ ಹಾಡುಗಳು ಬಹುಮಟ್ಟಿಗೆ ಪೂರ್ತಿಯಾಗಿ ಬರುತ್ತವೆ. ಪಟ್ಟಿಯಲ್ಲಿ ಆ ಹೆಸರುಗಳು ಬಾರದ ಕಾರಣ ಪಂದ್ಯದ ತೀರ್ಪನ್ನು ಈಗ ಮಗಳು ತನ್ನ ಮೊಬೈಲಿನಲ್ಲಿ ಹುಡುಕಿ ಹೇಳುತ್ತಾಳೆ. ಕಳೆದ ವಾರ ಅವಳು ಹೇಳಿದ ಉತ್ತರವನ್ನು ತಾಯಿಯವರು ಒಪ್ಪಲಿಲ್ಲ. ಅದು ಇನ್ನೂ ಇತ್ಯರ್ಥವಾಗಿಲ್ಲ.